ಮೂಸುಮಾರಿಯ ಎರಡು ದಿನದ ರಜೆ

ನನ್ನ ಹೆಂಡತಿಗೆ ಮೂಸುಮಾರಿ ಎಂದು ಹೆಸರಿಟ್ಟವಳು ನನ್ನ ಅಮ್ಮ. ಮದುವೆಯಾಗಿ ಮನೆಗೆ ಬಂದ ವಾರದೊಳಗೇ ಇಟ್ಟುಬಿಟ್ಟಳು. ನೀರಿನ ಲೋಟ ಕೊಟ್ಟರೆ ಅದು ಮೊದಲು ಮೂಗಿನ ಹತ್ತಿರ ಹೋಗಬೇಕು, ಆಮೇಲೆ ಬಾಯಿಗೆ. ತೊಳೆದ ತಟ್ಟೆ, ಒಗೆದ ಟವೆಲು, ಹಾಲಿನ ಪಾತ್ರೆ, ಪಕ್ಕದ ಮನೆ ಮಗುವಿನ ತಲೆ, ಎಲ್ಲವನ್ನೂ ಮೂಸಿ ಒಪ್ಪಿದ ಮೇಲೇ ಮುಂದಿನ ಮಾತು. ಅಮ್ಮನಿಗೆ ಇದು ತನ್ನ ಕೈಕೆಲಸದ ಮೇಲಿನ ಅನುಮಾನದಂತೆ ಕಂಡು ಮೈಯೆಲ್ಲ ಉರಿಯುತ್ತಿತ್ತು. ಇವಳ ಮೂಗನ್ನು ಪೊಲೀಸ್ ಇಲಾಖೆಗೆ ಕೊಟ್ಟಿದ್ದರೆ ಒಬ್ಬ ಕಳ್ಳನೂ ಉಳಿಯುತ್ತಿರಲಿಲ್ಲ ಎನ್ನುತ್ತಿದ್ದಳು. ಇಂಥ ಮೂಗಿನವಳು ಹೊರದೇಶಕ್ಕೆ ಬಂದು ಹೋಟೆಲಿನ ರೂಮು ತೊಳೆಯುವ ಕೆಲಸಕ್ಕೇ ಸೇರಿದಳಲ್ಲ, ಅದಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮೊದಲು ಬಂದವನು ನಾನು. ಊರಿನಲ್ಲಿ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ, ಮಡಚಿ, ಮತ್ತೆ ಬಿಚ್ಚಿ ಬೇಸತ್ತಿದ್ದೆ. ಇಲ್ಲಿ ಬಂದು ಬಟ್ಟೆಯ ಇನ್ನೊಂದು ಮುಖ ಕಂಡೆ. ನಾನಿರುವ ಲಾಂಡ್ರಿಗೆ ಆಸ್ಪತ್ರೆಗಳ ಬಟ್ಟೆ ಬರುತ್ತದೆ. ರೋಗಿಗಳ ಹಾಸಿಗೆಯದ್ದು, ಮೈಮೇಲಿನದ್ದು, ಆಪರೇಷನ್ ಕೋಣೆಯದ್ದು, ಎಲ್ಲ ಚೀಲಗಳಲ್ಲಿ ಗಿಡಿದು ಲಾರಿಯಿಂದ ದೊಪ್ಪನೆ ಬೀಳುತ್ತದೆ. ಚೀಲ ಬಿಚ್ಚಿ, ಉದ್ದನೆಯ ಮೇಜಿನ ಮೇಲೆ ಸುರಿದು, ಬಿಳಿಯದ್ದು ಬೇರೆ, ಬಣ್ಣದ್ದು ಬೇರೆ, ರಕ್ತದ್ದು ಬೇರೆ ಎಂದು ವಿಂಗಡಿಸುವವರಲ್ಲಿ ನಾನೊಬ್ಬ. ಮೊದಲ ದಿನ ಊಟ ಸೇರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅದೇ ಮೇಜಿಗೆ ಬೆನ್ನು ತಿರುಗಿಸಿ ನಿಂತು ಬನ್ನು ತಿನ್ನುತ್ತಿದ್ದೆ. ಮನುಷ್ಯ ಇಷ್ಟು ಬೇಗ ಒಗ್ಗಿಹೋಗುತ್ತಾನೆ ಎನ್ನುವುದೇ ನನಗೆ ಹೊಲಸಿಗಿಂತ ದೊಡ್ಡ ಹೊಲಸಾಗಿ ಕಂಡಿತು.

ಮರುವರ್ಷ ಇವಳು ಬಂದಳು. ನಮ್ಮದು ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಒಲೆಯ ಪಕ್ಕದಲ್ಲೇ ಮಂಚ. ಅವಳು ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾಳೆ. ನಾನು ಕತ್ತಲಿರುವಾಗಲೇ ಹೊರಟು ಮಧ್ಯಾಹ್ನಕ್ಕೆ ಮರಳುವವನು, ಹಾಗಾಗಿ ರಾತ್ರಿಯ ಅಡುಗೆ ನನ್ನದು. ವಾರದ ರಜೆ ಅವಳದು ಒಂದು ದಿನವಾದರೆ ನನ್ನದು ಇನ್ನೊಂದು. ಆದರೂ ಮೊದಮೊದಲು ಮಜವಾಗೇ ಇತ್ತು. ಊಟದ ನಂತರ ಕೂತು ದಿನದ ಹೊಲಸನ್ನು ಹೇಳಿಕೊಳ್ಳುವುದು, ಇದೇ ನಮ್ಮ ಸಲ್ಲಾಪ. ಸೂಟುಬೂಟಿನ ದೊಡ್ಡ ಮನುಷ್ಯರು ಬಿಳಿ ಟವೆಲಿನಲ್ಲಿ ಬೂಟು ಒರೆಸಿ ಹೋಗಿದ್ದು, ಹಾಸಿಗೆಯ ಮೇಲೆ ಕಾಲುಗುರು ಕತ್ತರಿಸಿ ಗುಡ್ಡೆ ಹಾಕಿದ್ದು, ಸ್ನಾನದ ತೊಟ್ಟಿಯಲ್ಲಿ ನೂಡಲ್ಸ್ ಚೆಲ್ಲಿದ್ದು ಅವಳ ಕಡೆಯದು. ದಿಂಬಿನ ಚೀಲದಲ್ಲಿ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿ, ಅದು ನನ್ನನ್ನು ನೋಡಿ ನಕ್ಕ ಹಾಗಾಗಿದ್ದು ನನ್ನ ಕಡೆಯದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಜನ ಹೊಟ್ಟೆಗೆ ಏನು ತಿನ್ನುತ್ತಾರೋ ಎಂದು ಬೈದು ಮಲಗುತ್ತಿದ್ದೆವು.

ಹೋದ ಚಳಿಗಾಲದಲ್ಲಿ ಅವಳ ನಗು ನಿಂತಿತು. ಮಾತು ಕಡಿಮೆಯಾಯಿತು. ಆಮೇಲೆ ಊಟ. ನಾನು ಬಿಸಿಬಿಸಿ ಅನ್ನ ಬಡಿಸಿ ಎದುರಿಗಿಟ್ಟರೆ ಮೂಸುತ್ತಿದ್ದಳು, ಒಂದು ತುತ್ತು ಬಾಯಿಗಿಟ್ಟು ಅದನ್ನೇ ಕೆನ್ನೆಯಲ್ಲಿಟ್ಟುಕೊಂಡು ಕೂರುತ್ತಿದ್ದಳು, ಆಮೇಲೆ ಎದ್ದು ಹೋಗುತ್ತಿದ್ದಳು. ಬಾಳೆಹಣ್ಣು ತಿಂದಳು, ಬೇಯಿಸಿದ ಮೊಟ್ಟೆ ತಾನೇ ಸುಲಿದು ತಿಂದಳು, ಪೊಟ್ಟಣದ ಬಿಸ್ಕತ್ತು ತಿಂದಳು. ಅನ್ನ ಮಾತ್ರ ಒಳಗೆ ಇಳಿಯಲೊಲ್ಲದು. ಅವಳ ರಜೆಯ ದಿನ ನಾನು ಕೆಲಸದಲ್ಲಿರುತ್ತಿದ್ದೆ. ಬಂದು ಕೇಳಿದರೆ ನಾನೇ ಮಾಡಿಕೊಂಡು ಉಂಡೆ ಎನ್ನುತ್ತಿದ್ದಳು. ನಾನು ನಂಬುತ್ತಿರಲಿಲ್ಲ.

ಊರಿಗೆ ಫೋನು ಮಾಡಿದಾಗ ಬಾಯಿ ತಪ್ಪಿ ಹೇಳಿದೆ. ನಮ್ಮಕ್ಕ ಕುಣಿದಾಡಿದಳು. ಊಟ ಸೇರುತ್ತಿಲ್ಲವೆಂದರೆ ವಿಶೇಷವೇ ಇರಬೇಕು ಎಂದಳು. ಅತ್ತೆಗೂ ಸುದ್ದಿ ಮುಟ್ಟಿ, ಅವರು ಮಗಳಿಗೆ ಭಾರ ಎತ್ತಬೇಡ, ಓಡಾಡಬೇಡ ಎಂದು ಉಪದೇಶ ಶುರುಮಾಡಿದರು. ವಿಶೇಷವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ ಎಂದು ಎಲ್ಲರಿಗೂ ಬಿಡಿಸಿ ಹೇಳುವಷ್ಟರಲ್ಲಿ ನನಗೆ ನಾಚಿಕೆಯಿಂದ ಸಾಕುಸಾಕಾಯಿತು. ಡಾಕ್ಟರು ರಕ್ತ ನೋಡಿದರು, ಹೊಟ್ಟೆ ಅಮುಕಿ ನೋಡಿದರು. ಕಾಯಿಲೆ ಏನೂ ಇಲ್ಲ, ವಿಶ್ರಾಂತಿ ಬೇಕು, ಹೊಟ್ಟೆ ತುಂಬ ಊಟ ಬೇಕು ಎಂದರು. ಇದನ್ನು ಹೇಳುವುದಕ್ಕೆ ಡಾಕ್ಟರೇ ಆಗಬೇಕೇ? ಆದರೆ ಹೊರಡುವಾಗ ಇನ್ನೊಂದು ಮಾತನ್ನೂ ಹೇಳಿದರು. ಹೋಟೆಲಿನವರ ವಾರ್ಷಿಕ ತಪಾಸಣೆ ಬರುತ್ತದಲ್ಲ, ಆಗಲೂ ಹೀಗೇ ಇದ್ದರೆ ಕೆಲಸಕ್ಕೆ ತಕ್ಕವಳು ಎಂದು ತಾನು ಸಹಿ ಹಾಕಲಾರೆ ಎಂದರು. ಸಹಿ ಇಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಇವಳು ಊರಿಗೆ, ನಾನು ಇಲ್ಲಿ. ಇವಳ ಸಮವಸ್ತ್ರದ ಸೊಂಟಕ್ಕೆ ಆಗಲೇ ಪಿನ್ನು ಬಿದ್ದಿತ್ತು.

ಅವಳ ಹೋಟೆಲಿನವರದೇ ಇನ್ನೊಂದು ಹೋಟೆಲು ಬೇರೆ ಪಟ್ಟಣದಲ್ಲಿದೆ, ನದಿಯ ದಂಡೆಗೆ. ಕೆಲಸದವರು ವರ್ಷಕ್ಕೊಮ್ಮೆ ಅಲ್ಲಿ ಅತಿಥಿಯಾಗಿ ಎರಡು ದಿನ ಇದ್ದುಬರಬಹುದು, ಬಿಟ್ಟಿ. ಯಾರೂ ಹೋಗುವುದಿಲ್ಲ. ರೂಮು ತೊಳೆಯುವವರಿಗೆ ರೂಮಿನಲ್ಲಿ ಮಲಗುವುದು ಯಾತರ ಸುಖ? ನಾನೇ ಹಟ ಹಿಡಿದೆ. ನಮ್ಮ ಸೂಪರ್‌ವೈಸರನ ಕೈಕಾಲು ಹಿಡಿದು ಶನಿವಾರ ಭಾನುವಾರ ಬಿಡುವು ಮಾಡಿಸಿಕೊಂಡೆ. ಬೇರೆ ಊರು, ಬೇರೆ ಗಾಳಿ, ಯಾರೋ ಮಾಡಿ ಬಡಿಸಿದ ಊಟ. ಅಷ್ಟಾದರೂ ಅವಳ ಹೊಟ್ಟೆಗೆ ಒಂದು ಹೊತ್ತಿನ ಅನ್ನ ಬೀಳಲಿ ಎನ್ನುವುದಷ್ಟೇ ನನ್ನ ಲೆಕ್ಕ.

ಬಸ್ಸಿನಲ್ಲಿ ಚೆನ್ನಾಗಿಯೇ ಇದ್ದಳು. ಕಿಟಕಿಯ ಪಕ್ಕ ಕೂತು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ನಾನು ಮನಸ್ಸಿನಲ್ಲೇ ಬೀಗಿದೆ.

ರೂಮಿನ ಬಾಗಿಲು ತೆರೆದದ್ದೇ ಮೂಗು ಮೇಲೆದ್ದಿತು. ಇಲ್ಲಿ ಯಾರೋ ಸಿಗರೇಟು ಸೇದಿ ಅದರ ಮೇಲೆ ಸೆಂಟು ಹೊಡೆದಿದ್ದಾರೆ ಎಂದಳು. ಮೊದಲು ಹಾಸಿಗೆಯ ಮೇಲಿನ ಬಣ್ಣದ ಹೊದಿಕೆಯನ್ನು ಎರಡೇ ಬೆರಳಲ್ಲಿ ಹಿಡಿದು ಮೂಲೆಗೆ ಎಸೆದಳು. ಇದನ್ನು ಯಾವ ಹೋಟೆಲಿನಲ್ಲೂ ದಿನಾ ಒಗೆಯುವುದಿಲ್ಲವಂತೆ, ಮೈಲಿಗೆ ಕಣ್ಣಿಗೆ ಕಾಣದಿರಲಿ ಅಂತಲೇ ಅಷ್ಟು ಬಣ್ಣವಂತೆ. ಆಮೇಲೆ ಲೋಟ ಬೆಳಕಿಗೆ ಹಿಡಿದಳು, ನಲ್ಲಿಯ ಹಿಂದೆ ಬೆರಳು ಹಾಕಿದಳು, ಮಂಚದ ಕೆಳಗೆ ತಲೆ ತೂರಿಸಿದಳು. ಮಂಚದ ಕೆಳಗಿನಿಂದ ಯಾರದೋ ಒಂದು ಕಾಲುಚೀಲ, ಅಂಟುಪಟ್ಟಿಯ ಚೂರು, ಕೂದಲಿನ ಉಂಡೆ ಹೊರಬಂದವು. ಮೊಣಕಾಲ ಮೇಲೆ ಕೂತು ಅವನ್ನು ಸಾಲಾಗಿ ಇಟ್ಟಳು, ನನಗೆ ನೋಡಿ ಎನ್ನುವ ಹಾಗೆ.

ಅಷ್ಟರಲ್ಲಿ ನಾನು ಮೇಜಿನ ಮೇಲಿದ್ದ ಕೆಟಲಿನಲ್ಲಿ ನೀರು ಕಾಯಿಸಿ, ಚಹಾ ಮಾಡಿಕೊಂಡು, ಕಾಲಮೇಲೆ ಕಾಲು ಹಾಕಿ ಅರ್ಧ ಮುಗಿಸಿದ್ದೆ. ಅವಳು ತಿರುಗಿ ನೋಡಿದಳು. ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ.

"ಕುಡಿದುಬಿಟ್ರಾ?" ಎಂದಳು.

ಏನಾಯಿತೆಂದು ಕೇಳಿದೆ. ಕೇಳಬಾರದಿತ್ತು. ದೂರದಿಂದ ಬರುವ ಗಂಡಸರು ಒಗೆಯಲು ಬೇಸರಪಟ್ಟು ಒಳಉಡುಪನ್ನು ಇಂಥ ಕೆಟಲಿನಲ್ಲೇ ಹಾಕಿ ಕುದಿಸುತ್ತಾರಂತೆ, ಅವಳೇ ಒಮ್ಮೆ ಮುಚ್ಚಳ ತೆಗೆದು ನೋಡಿದ್ದಳಂತೆ. ನನ್ನ ಬಾಯಲ್ಲಿದ್ದ ಗುಟುಕು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಥೂ, ಇವರ ವಂಶ ಹಾಳಾಗ. ಕಾಸು ಕೊಟ್ಟು ಇರುವ ಜಾಗ ಎಂದ ಮಾತ್ರಕ್ಕೆ ಮನುಷ್ಯ ತನ್ನ ಮನೆಯಲ್ಲಿ ಮಾಡದ ಹಲ್ಕಾ ಕೆಲಸವನ್ನೆಲ್ಲ ಇಲ್ಲಿ ಮಾಡಿಹೋಗುತ್ತಾನಲ್ಲ, ಅವನಿಗೆ ಮನೆಯಲ್ಲಿ ಉಗಿಯುವವರು ಯಾರೂ ಇಲ್ಲವೇ? ಬಾತ್‌ರೂಮಿಗೆ ಓಡಿ ಬಾಯಿ ಮುಕ್ಕಳಿಸಿದೆ. ಎಷ್ಟು ಮುಕ್ಕಳಿಸಿದರೂ ನಾಲಿಗೆಗೆ ಬೇರೆ ಯಾರದೋ ರುಚಿ ಅಂಟಿಕೊಂಡೇ ಇತ್ತು.

ವಿಶ್ರಾಂತಿಗೆ ಬಂದಿದ್ದೇವೆ, ಸುಮ್ಮನೆ ಮಲಗು ಎಂದೆ. ಮಲಗುತ್ತೇನೆ, ಒಂದು ನಿಮಿಷ ಎಂದವಳು ತನ್ನ ಚೀಲದ ಜಿಪ್ಪು ಎಳೆದಳು. ಒಳಗಿನಿಂದ ರಬ್ಬರ್ ಗ್ಲೌಸು, ಬ್ರಷ್ಷು, ಒರೆಸುವ ಬಟ್ಟೆ, ಸೋಪಿನ ಪುಡಿ! ನಾನು ಅವಳಿಗಾಗಿ ಹೊಸ ಸೀರೆ ಇಟ್ಟಿದ್ದ ಚೀಲ ಅದು. ಸೀರೆ ಮನೆಯಲ್ಲೇ ಉಳಿದಿತ್ತು. ಬಾತ್‌ರೂಮು ತೊಳೆದಳು, ನೆಲ ಒರೆಸಿದಳು, ಸ್ವಿಚ್ಚುಗಳನ್ನೂ ಬಿಡಲಿಲ್ಲ. ಕಾಲೆತ್ತಿ ಎಂದಳು, ಎತ್ತಿದೆ. ಎತ್ತಿದ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ನನ್ನ ರಜೆಯ ಮೊದಲ ದಿನದ ಅರ್ಧ ಕಳೆದೆ. ಮುಗಿದ ಮೇಲೆ ಮಾತ್ರ ಅವಳ ಮುಖ ತಿಳಿಯಾಯಿತು. ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ, "ಈಗ ಮನೆ ಥರ ಆಯ್ತು ನೋಡಿ" ಎಂದಳು. ಇದಕ್ಕೆ ಮನೆಯಲ್ಲೇ ಇದ್ದಿದ್ದರೆ ಆಗುತ್ತಿತ್ತಲ್ಲ ಎಂದು ನಾನು ಹೇಳಲಿಲ್ಲ.

ಸಂಜೆ ನದಿಯ ದಂಡೆಯಲ್ಲಿ ನಡೆದೆವು. ಬಾತುಕೋಳಿಯೊಂದು ನನ್ನ ಹಿಂದೆಯೇ ಬಿದ್ದು ಪ್ಯಾಂಟಿನ ಅಂಚು ಕಚ್ಚಿ ಎಳೆಯಿತು, ಇವಳು ನಕ್ಕಳು. ತಿಂಗಳುಗಳ ಮೇಲೆ ಕೇಳಿದ ನಗು. ಆ ಗುಂಗಿನಲ್ಲೇ ಊಟಕ್ಕೆ ಕೂರಿಸಿದೆ. ಮೇಜಿಗೆ ಬಿಳಿ ಬಟ್ಟೆ. ನನ್ನ ಕಣ್ಣು ಎಂಥ ದರಿದ್ರ ಕಣ್ಣೆಂದರೆ ಮೊದಲು ಕಂಡದ್ದೇ ಕಲೆ. ಬಿಸಿ ಜಾಸ್ತಿ ಮಾಡಿ ಒಗೆದರೆ ಕಲೆ ಹೋಗುವುದಿಲ್ಲ, ಬೆಂದು ಕಂದಾಗಿ ಕೂತುಬಿಡುತ್ತದೆ. ಅದರ ಮೇಲೆ ತಟ್ಟೆ ಸರಿಸಿಟ್ಟು ಮುಚ್ಚಿದೆ. ಆದರೆ ಸೂಪು ತಂದ ಮಾಣಿಯ ಹೆಬ್ಬೆರಳು ಬಟ್ಟಲಿನ ಒಳಗಿತ್ತು. ಅದನ್ನು ಮುಚ್ಚುವುದು ಹೇಗೆ? ಇವಳು ಚಮಚ ಕೆಳಗಿಟ್ಟಳು. ಆಮೇಲೆ ಬಂದ ಅನ್ನ, ತರಕಾರಿ, ಯಾವುದನ್ನೂ ಮುಟ್ಟಲಿಲ್ಲ. ಸಿಟ್ಟಿಗೆ ಇಬ್ಬರ ಪಾಲನ್ನೂ ನಾನೇ ತಿಂದೆ. ರಾತ್ರಿಯೆಲ್ಲ ಎದೆಯುರಿ.

ಭಾನುವಾರ ಬೆಳಿಗ್ಗೆಯ ತಿಂಡಿ ಬೇಕಾದಷ್ಟು ಬಡಿಸಿಕೊಳ್ಳುವ ಕ್ರಮದ್ದು. ಛೀ, ಆ ನೋಟ ಬೇಡ. ಬಿಟ್ಟಿ ಎಂದ ಕೂಡಲೇ ಜನ ತಟ್ಟೆಯಲ್ಲಿ ಗೋಪುರ ಕಟ್ಟುತ್ತಾರೆ, ಅದರಲ್ಲಿ ಎರಡು ತುತ್ತು ತಿಂದು, ಮಿಕ್ಕಿದ್ದರಲ್ಲಿ ಕೈ ಒರೆಸಿದ ಕಾಗದ ಅದ್ದಿ ಎದ್ದು ಹೋಗುತ್ತಾರೆ. ಒಬ್ಬ ಕೆಮ್ಮುತ್ತಲೇ ಮೊಟ್ಟೆಯ ಪಾತ್ರೆಯೊಳಗೆ ಬಗ್ಗಿದ. ಇವಳು ಒಂದು ಬಾಳೆಹಣ್ಣು ತೆಗೆದುಕೊಂಡು ರೂಮಿಗೆ ಹೊರಟಳು. ಬಿಳುಚಿದ ಮುಖ, ಹಿಡಿದರೆ ಮುರಿಯುವ ತೋಳು. ಇನ್ನು ಉಳಿದದ್ದು ಅರ್ಧ ದಿನ. ನಾನು ಒಂದು ತಟ್ಟೆಯಲ್ಲಿ ಬ್ರೆಡ್ಡು, ಬೆಣ್ಣೆ, ಬೇಯಿಸಿದ ತರಕಾರಿ ಹಾಕಿಕೊಂಡು ಹಿಂದೆಯೇ ಹೋದೆ.

ಮಗುವಿಗೆ ಹೇಳುವ ಹಾಗೆ ಹೇಳಿದೆ. ಒಂದು ತುಂಡು ಮುರಿದು, ಬೆಣ್ಣೆ ಹಚ್ಚಿ, ನಾನೇ ಬಾಯಿಯ ಹತ್ತಿರ ಹಿಡಿದೆ. ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು. ಪ್ರಯತ್ನಪಟ್ಟಳು, ಅದು ನನಗೂ ಕಂಡಿತು. ತುಂಡು ತುಟಿಗೆ ತಾಗಿದ್ದೇ ಗಂಟಲಿನಿಂದ ವಿಚಿತ್ರ ಸದ್ದು ಬಂತು, ಎದ್ದು ಬಾತ್‌ರೂಮಿಗೆ ಓಡಿದಳು. ಹೊಟ್ಟೆಯಲ್ಲಿ ಇದ್ದರಲ್ಲವೇ ಬರುವುದು? ಬರೀ ನೀರು ಕಕ್ಕಿದಳು.

ನನಗೆ ಪಿತ್ತ ನೆತ್ತಿಗೇರಿತು. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಬಾಯಿಗೆ ಬಂದ ಹಾಗೆ ಅಂದೆ. ನಿನಗೆ ಲೋಕವೆಲ್ಲ ಹೊಲಸು, ನೀನೊಬ್ಬಳೇ ಶುದ್ಧ, ಈ ಸೊಕ್ಕಿಗೆ ಮದ್ದಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. "ಸಾಯ್ಬೇಕು ಅಂತಿದ್ರೆ ಊರಿಗೆ ಹೋಗಿ ಸಾಯಿ, ನನ್ನ ಕಣ್ಮುಂದೆ ಬೇಡ" ಎಂದುಬಿಟ್ಟೆ. ಅವಳು ಬಾತ್‌ರೂಮಿನ ಬಾಗಿಲಿಗೊರಗಿ ನಿಂತು ಬಾಯಿ ಒರೆಸಿಕೊಂಡಳು. ಆಗ ಹೊರಗಿನಿಂದ ಬಾಗಿಲು ತಟ್ಟಿದ ಸದ್ದು. ರೂಮು ಸ್ವಚ್ಛ ಮಾಡುವ ಹೆಂಗಸು ಬಂದಿದ್ದಳು. ನಮ್ಮಮ್ಮನ ವಯಸ್ಸಿರಬಹುದು, ದಪ್ಪ ಆಳು, ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದಳು, ಯಾವ ದೇಶದವಳೋ ಏನೋ. ಅವಳ ಪಕ್ಕದಿಂದ ನುಸುಳಿ ನಾನು ಕೆಳಗಿಳಿದು ಹೋದೆ.

ನದಿಯ ದಂಡೆಯಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡೆ. ತಲೆ ತಣ್ಣಗಾದ ಮೇಲೆ ಕ್ಷಮಿಸು ಎಂದು ಹೇಳಲು ಮೇಲೆ ಬಂದೆ. ಹೆಂಗಸಿನ ತಳ್ಳುಗಾಡಿ ಬಾಗಿಲಿಗೆ ಅಡ್ಡ ನಿಂತಿತ್ತು, ಬಾಗಿಲು ಅರೆ ತೆರೆದಿತ್ತು. ಇಬ್ಬರೂ ಕಿಟಕಿಯ ಕೆಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಡುವೆ ಆ ಹೆಂಗಸಿನ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಬೇಯಿಸಿದ ಆಲೂಗಡ್ಡೆಯೋ ಏನೋ ಅನ್ನದ ಜೊತೆ ಕಲಸಿದ್ದು. ಹೆಂಗಸು ಮಂಡಿಯ ನೋವನ್ನು ತೋರಿಸಿ ಅರ್ಧಂಬರ್ಧ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು, ಇವಳು ತಲೆಯಾಡಿಸುತ್ತ ಆ ಡಬ್ಬಿಗೇ ಕೈಹಾಕಿ ತಿನ್ನುತ್ತಿದ್ದಳು.

ತಿನ್ನುತ್ತಿದ್ದಳು! ಮೂಸಲಿಲ್ಲ. ಒಂದೇ ಡಬ್ಬಿಯಲ್ಲಿ ಅವಳ ಕೈ, ಇವಳ ಕೈ. ಎಂಜಲು ಎಂದು ಮಾರುದೂರ ಹಾರುತ್ತಿದ್ದವಳು ಬೆರಳು ನೆಕ್ಕಿ ಮತ್ತೆ ಕೈಹಾಕಿದಳು. ನಾನು ಪ್ಯಾಸೇಜಿನಲ್ಲಿ ಉಸಿರು ಬಿಗಿಹಿಡಿದು ನಿಂತೆ. ಡಬ್ಬಿಯ ತಳ ಕಾಣುವವರೆಗೂ ಅಲುಗಲಿಲ್ಲ. ಆಮೇಲೆ ಹೆಂಗಸು ನನ್ನನ್ನು ಕಂಡು ದಡಬಡ ಎದ್ದಳು. ಅತಿಥಿಗಳ ರೂಮಿನಲ್ಲಿ ಕೂತು ಉಂಡರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಹೆದರಬೇಡಿ ಎಂದು ಕೈಮುಗಿದೆ, ಅದೇನು ಅರ್ಥವಾಯಿತೋ, ಗಾಡಿ ತಳ್ಳಿಕೊಂಡು ಓಡಿಯೇ ಹೋದಳು.

ನಾನು ನಗುನಗುತ್ತಲೇ ಒಳಗೆ ಹೋದೆ. ಅಂತೂ ಹೊಟ್ಟೆಗೆ ಬಿತ್ತಲ್ಲ ಮಹಾರಾಯ್ತಿ, ಏನಿತ್ತು ಅದರಲ್ಲಿ ಹೇಳು, ನಾಳೆಯಿಂದ ಅದನ್ನೇ ಮಾಡಿಹಾಕುತ್ತೇನೆ ಎಂದೆ. ಅವಳು ನಗಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು.

"ಅಡುಗೆ ಅಲ್ಲ ರೀ" ಎಂದಳು.

"ಮತ್ತೆ?"

"ನಿಮ್ಮ ಕೈ."

ನನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡೆ. ಅವಳು ನನ್ನ ಮುಖ ನೋಡದೆ, ನೆಲ ನೋಡುತ್ತ ಹೇಳಿದಳು. ಚಳಿಗಾಲದಲ್ಲಿ ಒಂದು ದಿನ ನಾನು ಮನೆಯ ಬೀಗದ ಕೈ ಮರೆತು ಹೋಗಿದ್ದೆನಂತೆ. ಕೊಟ್ಟುಹೋಗೋಣವೆಂದು ಲಾಂಡ್ರಿಯ ಹಿಂಬಾಗಿಲಿಗೆ ಬಂದಿದ್ದಾಳೆ. ಅಲ್ಲಿಂದ ನಾನು ಮೇಜಿನ ಹತ್ತಿರ ನಿಂತದ್ದು ಕಂಡಿದೆ. ಗ್ಲೌಸು ಇರಲಿಲ್ಲವಂತೆ.

ಇರಲಿಲ್ಲ, ನಿಜ. ಬಟ್ಟೆಯ ಮಡಿಕೆಯಲ್ಲಿ ಇಂಜೆಕ್ಷನ್ ಸೂಜಿ ಉಳಿದಿರುತ್ತದೆ, ಕತ್ತರಿ ಉಳಿದಿರುತ್ತದೆ. ದಪ್ಪ ಗ್ಲೌಸಿನೊಳಗಿನ ಬೆರಳಿಗೆ ಅದು ತಿಳಿಯುವುದಿಲ್ಲ. ನನಗೆ ತಿಳಿಯದಿದ್ದರೆ ಮುಂದೆ ಮೆಷಿನ್ನಿಗೆ ತುಂಬುವವನ ಕೈಗೆ ಚುಚ್ಚುತ್ತದೆ. ಹಾಕಿಕೊಳ್ಳಬೇಕು ಎಂದು ಗೋಡೆಯ ಮೇಲೆ ಬರೆದಿದ್ದಾರೆ, ಆದರೆ ಹಳಬರೆಲ್ಲ ತೆಗೆದಿಟ್ಟೇ ತಡಕುತ್ತೇವೆ. ಅವಳು ಕಂಡದ್ದು ಅದನ್ನೇ. ಮೊಣಕೈವರೆಗೂ ಆ ರಕ್ತದ ಬಟ್ಟೆಗಳಲ್ಲಿ ಅದ್ದಿದ ನನ್ನ ಕೈಯನ್ನು.

"ತೊಳೀತೀರ, ನಂಗೊತ್ತು. ಚರ್ಮ ಕಿತ್ತು ಬರೋ ಹಾಗೆ ಉಜ್ಜಿ ತೊಳೀತೀರ. ಆದ್ರೂ ನೀವು ಅನ್ನ ಬಡಿಸಿದ ಕೂಡ್ಲೆ ಆ ಕೈಯೇ ಕಣ್ಣಿಗೆ ಬರತ್ತೆ. ಏನ್ಮಾಡ್ಲಿ?"

ನನ್ನ ಬಾಯಲ್ಲಿ ಒಂದೇ ಪ್ರಶ್ನೆ ಬಂತು, ಅದೂ ಕೆಟ್ಟ ಪ್ರಶ್ನೆ. ಈಗ ಹೋದಳಲ್ಲ, ಅವಳದೂ ಕಕ್ಕಸು ತೊಳೆಯುವ ಕೈಯೇ ಅಲ್ಲವೇ ಎಂದೆ. ಹೌದು ಎಂದಳು. ಆ ಹೆಂಗಸಿನದು ತನ್ನ ಕೈಯ ಥರದ್ದೇ, ತನ್ನ ಕೈಯಲ್ಲಿ ತಾನು ಉಣ್ಣುತ್ತೇನಲ್ಲ ಎಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳ ಕಣ್ಣು ತುಂಬಿತು.

"ಹೇಗೆ ಹೇಳ್ಲಿ? ಆ ಕೈ ದುಡಿದಿದ್ದಕ್ಕೇ ಅಲ್ವಾ ನಾನು ಇಲ್ಲಿಗೆ ಬಂದಿದ್ದು."

ಹಿಂದಿರುಗುವಾಗಲೂ ಅವಳು ನನ್ನ ಭುಜಕ್ಕೆ ತಲೆಯಿಟ್ಟೇ ನಿದ್ದೆ ಮಾಡಿದಳು. ಭುಜದ ಮೇಲೆ ಅವಳಿಗೆ ಅಸಹ್ಯವಿರಲಿಲ್ಲ. ನಾನು ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಕೂತಿದ್ದೆ.

ಈಗ ಅಡುಗೆ ಅವಳದೇ. ಬೆಳಿಗ್ಗೆ ಎದ್ದು ಎರಡು ಹೊತ್ತಿಗೂ ಮಾಡಿಟ್ಟು ಹೋಗುತ್ತಾಳೆ. ನಾನು ಈರುಳ್ಳಿಯನ್ನೂ ಮುಟ್ಟುವುದಿಲ್ಲ. ತಪಾಸಣೆಯಲ್ಲಿ ಡಾಕ್ಟರು ಮರುಮಾತಿಲ್ಲದೆ ಸಹಿ ಹಾಕಿದರು, ಸೊಂಟದ ಪಿನ್ನು ಹೋಯಿತು, ಫೋನಿನಲ್ಲಿ ನೋಡಿದ ಅಕ್ಕ ಗುಂಡಗಾಗಿದ್ದಾಳೆ, ಈ ಸಲವಾದರೂ ವಿಶೇಷವೇ ತಾನೇ ಎಂದು ಮತ್ತೆ ಶುರುಮಾಡಿದ್ದಾಳೆ. ಸಂಜೆ ಇಬ್ಬರೂ ಎದುರುಬದುರು ಕೂತು ಉಣ್ಣುತ್ತೇವೆ. ಅವಳು ಕಲಸಿಕೊಂಡು ಚೆನ್ನಾಗಿ ಉಣ್ಣುತ್ತಾಳೆ, ಇನ್ನೊಂದು ಸಲ ತಾನೇ ಹಾಕಿಕೊಳ್ಳುತ್ತಾಳೆ.

ನಾನು ಚಮಚದಲ್ಲಿ ತಿನ್ನುತ್ತೇನೆ. ಇದೇನು ಹೊಸ ಅಭ್ಯಾಸ ಎಂದು ಅವಳು ಕೇಳಿದಳು. ಇಷ್ಟು ವರ್ಷವಾಯಿತಲ್ಲ, ಇಲ್ಲಿಯವರ ಹಾಗೆ ಉಣ್ಣುವುದನ್ನು ಕಲಿಯೋಣ ಅಂತ ಎಂದೆ. ಅದು ಸುಳ್ಳು. ಕೈಯಲ್ಲಿ ತುತ್ತು ಕಟ್ಟಿ ಬಾಯಿಯ ಹತ್ತಿರ ತಂದರೆ ಈಗ ನನಗೇ ಹೊಟ್ಟೆ ತೊಳಸುತ್ತದೆ.